ಕಡಿಮೆ ದುಡ್ಡಲ್ಲಿ ಜಿಪ್ಸಿ, ಹಳೇ ಥಾರ್‌ಗೆ ಗಟ್ಟಿ ಹಿಂದಿನ ಬಂಪರ್: ಅಳತೆಯಿಂದ ಪೇಂಟ್‌ವರೆಗೆ

ಹಿಂದಿನ ಬಂಪರ್ ಮಾಡಿಸ್ತೀನಿ ಅಂದ್ರೆ ಸಾಕು, ಎಲ್ರೂ ಮೊದಲು ಕೇಳೋದು "ಎಷ್ಟು ಎಂಎಂ ಪ್ಲೇಟು?" ಅಂತ. 5 ಎಂಎಂ ಅಂದ್ರೆ ಖುಷಿ, 3 ಎಂಎಂ ಅಂದ್ರೆ ಮುಖ ಸಪ್ಪಗೆ. ಆದ್ರೆ ಗಾಡಿ ಕೆಸರಲ್ಲಿ ಹೂತು ಹಿಂದಿನಿಂದ ಎಳೀಬೇಕಾದಾಗ ಆ ಪ್ಲೇಟಿನ ದಪ್ಪ ಏನೂ ಕೆಲಸಕ್ಕೆ ಬರಲ್ಲ, ಕೆಲಸಕ್ಕೆ ಬರೋದು ಬಂಪರನ್ನ ಚಾಸಿಗೆ ಹಿಡಿದಿರೋ ಎರಡು ಬ್ರ್ಯಾಕೆಟ್ಟು ಮತ್ತೆ ಅದರ ಬೋಲ್ಟುಗಳು. ಹಾಗಾಗಿ ದುಡ್ಡು ಕಮ್ಮಿ ಇದ್ರೆ ದುಡ್ಡೆಲ್ಲ ಅಲ್ಲಿಗೆ ಹಾಕಿ, ಹೊರಗೆ ಕಾಣೋ ಭಾಗಕ್ಕೆ ಎಷ್ಟು ಬೇಕೋ ಅಷ್ಟೇ. ಇಡೀ ಬರಹ ಇದೇ ಲೆಕ್ಕದ ಮೇಲೆ ನಿಂತಿದೆ.

ಇದು ಮುಖ್ಯವಾಗಿ ಮಾರುತಿ ಜಿಪ್ಸಿ, 2020ಕ್ಕೆ ಮುಂಚಿನ ಥಾರ್, ಮಹೀಂದ್ರ ಎಂಎಂ540 ಜೀಪು, ಬೊಲೆರೊ ಥರದ ಲ್ಯಾಡರ್ ಚಾಸಿ (ಏಣಿ ಥರದ ಕಬ್ಬಿಣದ ಚೌಕಟ್ಟಿನ ಮೇಲೆ ಬಾಡಿ ಕೂತಿರೋ) ಗಾಡಿಗಳಿಗೆ. ಹೊಸ ಥಾರ್, ಜಿಮ್ನಿಗೂ ತತ್ವ ಅದೇನೇ, ಆದ್ರೆ ಅವುಗಳಲ್ಲಿ ಪ್ಲಾಸ್ಟಿಕ್ ಬಂಪರು, ಅದರಲ್ಲಿ ಸೆನ್ಸರು, ವೈರಿಂಗು ಎಲ್ಲ ಇರುತ್ತೆ, ಬಿಚ್ಚೋ ಮುಂಚೆ ಎರಡು ಸಲ ಯೋಚನೆ ಮಾಡಿ.

ಮೊದಲು ಕಾನೂನು, ಯಾಕಂದ್ರೆ ಆಮೇಲೆ ಯಾರೂ ಓದಲ್ಲ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಾಯಿಸೋ ಹಾಗಿಲ್ಲ. 2017ರ ಡಿಸೆಂಬರಲ್ಲಿ ಕೇಂದ್ರ ಸಾರಿಗೆ ಇಲಾಖೆ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ (ಬಂಪರಿಗೆ ಹಾಕೋ ಕಬ್ಬಿಣದ ಗಾರ್ಡು) ಇವೆಲ್ಲ ಈ ಸೆಕ್ಷನ್‌ಗೆ ವಿರುದ್ಧ ಅಂತ ಎಲ್ಲ ರಾಜ್ಯಗಳಿಗೂ ಪತ್ರ ಬರೀತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮೂಲ ಸ್ಪೆಸಿಫಿಕೇಶನ್ ಬದಲಾಯಿಸೋ ಹಾಗಿಲ್ಲ ಅಂತ ಹೇಳ್ತು. 2019ರ ತಿದ್ದುಪಡಿ ಆದ್ಮೇಲೆ ಗಾಡಿ ಓನರ್‌ಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲಾಂದ್ರೆ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇನ್ಶೂರೆನ್ಸ್ ಕ್ಲೇಮಿಗೆ ಹೋದಾಗ ಸರ್ವೇಯರ್ ಬಂಪರ್ ನೋಡಿ ತಕರಾರು ತೆಗೆಯೋ ಚಾನ್ಸೂ ಇದೆ.

ಸೋ ನನ್ನ ಸಲಹೆ ಇಷ್ಟೇ. ಬಂಪರನ್ನ ಬೋಲ್ಟಲ್ಲೇ ಕೂರಿಸಿ, ಕಂಪನಿ ಬಂಪರನ್ನ ಗುಜರಿಗೆ ಹಾಕದೆ ಮನೆಯಲ್ಲಿ ಇಟ್ಕೊಳಿ, ಸ್ಟೀಲ್ ಬಂಪರು ತೋಟಕ್ಕೆ, ಖಾಸಗಿ ಜಾಗದ ಆಫ್‌ರೋಡಿಂಗ್ ಟ್ರ್ಯಾಕಿಗೆ, ರೋಡಿಗೆ ಕಂಪನಿದು. ಆರು ಬೋಲ್ಟ್ ಬಿಚ್ಚಿ ಹಾಕೋಕೆ ಎಷ್ಟು ಹೊತ್ತು. ಕಾನೂನು ಬಿಟ್ಟು ನೋಡಿದ್ರೂ ಇದರಲ್ಲಿ ನ್ಯಾಯ ಇದೆ, ಚೂಪು ಮೂಲೆಯ ದಪ್ಪ ಕಬ್ಬಿಣ ಬೆಂಗಳೂರು ಟ್ರಾಫಿಕ್ಕಲ್ಲಿ ಹಿಂದೆ ಬರೋ ಸ್ಕೂಟರಿನವರ ಮೊಣಕಾಲಿನ ಎತ್ತರಕ್ಕೇ ಬರುತ್ತೆ.

ಇನ್ನೂ ಒಂದು ದಾರಿ ಇದೆ. ಗಾಡಿ ಎಳೆಯೋಕೆ ಜಾಗ ಬೇಕು ಅಷ್ಟೇ, ಬೇರೇನೂ ಬೇಡ ಅನ್ನೋರು ಕಂಪನಿ ಬಂಪರ್ ಹಾಗೇ ಬಿಟ್ಟು, ಕೆಳಗೆ ಹೇಳಿರೋ ಎರಡು ಪ್ಲೇಟು ಮಾತ್ರ ಚಾಸಿಗೆ ಹಾಕ್ಸಿ. ಅರ್ಧಕ್ಕಿಂತ ಕಮ್ಮಿ ಖರ್ಚಲ್ಲಿ ಮುಗಿಯುತ್ತೆ, ನಿಜ ಹೇಳ್ಬೇಕು ಅಂದ್ರೆ ತುಂಬ ಜನಕ್ಕೆ ಬೇಕಾಗಿರೋದು ಅಷ್ಟೇನೇ.

ತೂಕದ ಲೆಕ್ಕ

ಕಬ್ಬಿಣದ ಪ್ಲೇಟು 1 ಚದರ ಮೀಟರ್, 1 ಎಂಎಂ ದಪ್ಪ ಅಂದ್ರೆ 7.85 ಕೆಜಿ. ಇದೊಂದು ನೆನಪಿಟ್ಕೊಂಡ್ರೆ ಯಾವ ಡಿಸೈನ್ ಆದ್ರೂ ಅಂಗಡಿಗೆ ಹೋಗೋ ಮುಂಚೆನೇ ತೂಕ ಗೊತ್ತಾಗುತ್ತೆ. ಬಂಪರ್ ಉದ್ದ 1.4 ಮೀಟರ್, ಮೇಲೆ ಮುಂದೆ ಕೆಳಗೆ ಮಡಿಸಿದ ಪ್ಲೇಟಿನ ಒಟ್ಟು ಅಗಲ 45 ಸೆಂಟಿಮೀಟರ್ ಅಂತಿಟ್ಕೊಳಿ, 0.63 ಚದರ ಮೀಟರ್ ಆಯ್ತು. 3 ಎಂಎಂ ಆದ್ರೆ 15 ಕೆಜಿ ಹತ್ರ, 5 ಎಂಎಂ ಆದ್ರೆ ಸುಮಾರು 25 ಕೆಜಿ. ಈ ಹೆಚ್ಚಿನ 10 ಕೆಜಿ ಹಿಂದಿನ ಆಕ್ಸಲ್‌ಗಿಂತ ಹಿಂದೆ ನೇತಾಡುತ್ತೆ, ಮೊದಲೇ ಕೂತಿರೋ ಹಳೇ ಕಮಾನುಪಟ್ಟಿ ಇನ್ನೂ ಕೂರುತ್ತೆ, ಮುಂದಿನ ಚಕ್ರದ ಮೇಲಿನ ಭಾರ ಸ್ವಲ್ಪ ಕಮ್ಮಿ ಆಗುತ್ತೆ.

ಜಿಮ್ನಿ ಇಟ್ಟಿರೋರು ಇದನ್ನ ಇನ್ನೂ ಜೋರಾಗಿ ಯೋಚಿಸ್ಬೇಕು. ಅದರ ಖಾಲಿ ತೂಕ 1210 ಕೆಜಿ ಹತ್ರ, ಒಟ್ಟು ಹೊರಬಹುದಾದ ತೂಕ 1545. ಉಳಿದದ್ದು 335 ಕೆಜಿ. ನಾಲ್ಕು ಜನ ದೊಡ್ಡವರು ಕೂತ್ರೆ 280 ಹೋಯ್ತು, ಮಿಕ್ಕ 55 ಕೆಜಿಯಲ್ಲಿ ಲಗೇಜು, ನೀರು, ಟೆಂಟು. ಅದಕ್ಕೆ 40 ಕೆಜಿ ಬಂಪರ್ ಹಾಕಿದ್ರೆ ಟೆಂಟು ಮನೇಲೇ.

ಹಾಗಾಗಿ ಮುಖದ ಪ್ಲೇಟು 3 ಎಂಎಂ, ಬ್ರ್ಯಾಕೆಟ್ 12 ಎಂಎಂ. ಮಡಿಸಿದ 3 ಎಂಎಂ ಪ್ಲೇಟು ಸಪಾಟು 5 ಎಂಎಂಗಿಂತ ಗಟ್ಟಿ ನಿಲ್ಲುತ್ತೆ, ಮಡಿಕೆಯಲ್ಲೇ ಶಕ್ತಿ ಇರೋದು. ಬೆಂಡಿಂಗ್ ಮಷೀನ್ ಹತ್ರ ಇಲ್ಲ ಅಂದ್ರೆ 75 ಎಂಎಂ ಸಿ-ಚಾನಲ್ ತಗೊಂಡುಬಿಡಿ, ಮೀಟರಿಗೆ 7 ಕೆಜಿ ಆಸುಪಾಸು, ನೋಡೋಕೆ ಲಾರಿ ಬಂಪರ್ ಥರ ಇರುತ್ತೆ ಆದ್ರೆ ಕೆಲಸ ಮುಗಿದುಹೋಗುತ್ತೆ. ಅಥವಾ 50 ಎಂಎಂ ಚೌಕ ಪೈಪು, 3 ಎಂಎಂ ಗೇಜು, ಮೀಟರಿಗೆ 4 ಕೆಜಿ ಸ್ವಲ್ಪ ಮೇಲೆ.

ಹಂತ 1: ಗಾಡಿ ಕೆಳಗೆ ಮಲಗಿ ನೋಡಿ

ಹಿಂದಿನ ಬಂಪರ್ ಬಿಚ್ಚೋ ಮುಂಚೆ ಬೋಲ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆ ಹೊಡೆದು ರಾತ್ರಿ ಬಿಡಿ, ಮಲೆನಾಡು ಗಾಡಿ ಆದ್ರೆ ಎರಡು ರಾತ್ರಿ. ಆಮೇಲೆ ಬಿಚ್ಚಿ ಚಾಸಿಯ ಕೊನೆಯನ್ನ ವೈರ್ ಬ್ರಷ್ಷಲ್ಲಿ ಉಜ್ಜಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೇಳಿ. ಟಣ್ ಅಂದ್ರೆ ಕಬ್ಬಿಣ ಇದೆ, ಡಬ್ ಅಂದ್ರೆ ಒಳಗೆ ತುಕ್ಕು ತಿಂದಿದೆ. ಕರಾವಳಿ, ಕೊಡಗು, ಸಕಲೇಶಪುರ ಕಡೆ ಗಾಡಿಗಳಲ್ಲಿ ಚಾಸಿಯ ಹಿಂದಿನ ತುದಿಯಲ್ಲೇ ಕೆಸರು ಕೂತು ಮೊದಲು ಹೋಗೋದು. ಸ್ಕ್ರೂಡ್ರೈವರ್ ಚುಚ್ಚಿದ್ರೆ ಒಳಗೆ ಹೋಗ್ತಿದೆ ಅಂದ್ರೆ ಬಂಪರ್ ವಿಷಯ ಇಲ್ಲಿಗೇ ನಿಲ್ಲಿಸಿ, ಮೊದಲು ಚಾಸಿ ರಿಪೇರಿ.

ಚಾಸಿ ತೆರೆದ ಸಿ ಆಕಾರನಾ, ಮುಚ್ಚಿದ ಡಬ್ಬನಾ ನೋಡ್ಕೊಳಿ, ಬೋಲ್ಟ್ ಹಾಕೋ ರೀತಿನೇ ಬದಲಾಗುತ್ತೆ. ಈಗಾಗ್ಲೇ ಇರೋ ತೂತುಗಳು ಎಲ್ಲೆಲ್ಲಿವೆ, ಎಷ್ಟು ಸೈಜು ಅಂತ ಬರ್ಕೊಳಿ. ಹೊಸ ತೂತು ಕೊರೆಯೋ ಯೋಚನೆ ಬಿಡಿ, ಕಂಪನಿ ತೂತುಗಳಲ್ಲೇ ಆಗುತ್ತಾ ನೋಡಿ, ಅದರಲ್ಲೂ ಚಾಸಿಯ ಮೇಲಿನ ಕೆಳಗಿನ ಮುಖಕ್ಕೆ ತೂತು ಕೊರೆಯೋದು ಬೇಡವೇ ಬೇಡ. ಚಾಸಿಗೆ ನೇರ ವೆಲ್ಡಿಂಗೂ ಬೇಡ.

ಪೆಟ್ರೋಲ್ ಟ್ಯಾಂಕು, ಸೈಲೆನ್ಸರ್, ಬ್ರೇಕ್ ಪೈಪು ಎಲ್ಲಿವೆ ಅಂತ ಮೊಬೈಲಲ್ಲಿ ಫೋಟೋ ಹಿಡ್ಕೊಳಿ. ವೆಲ್ಡಿಂಗ್ ಅಂಗಡಿಯವರಿಗೆ ಗಾಡಿ ಬದಲು ಫೋಟೋ ತೋರಿಸಬಹುದು.

ಹಂತ 2: ಡಿಪಾರ್ಚರ್ ಕೋನ

ಏರು ಇಳಿದು ಮುಗಿಸುವಾಗ, ಹಳ್ಳ ಹತ್ತುವಾಗ ಗಾಡಿಯ ಹಿಂಭಾಗ ನೆಲಕ್ಕೆ ತಾಗದೆ ಎಷ್ಟು ಇಳಿಜಾರು ದಾಟಬಹುದು ಅನ್ನೋದೇ ಡಿಪಾರ್ಚರ್ ಕೋನ. ಹಿಂದಿನ ಚಕ್ರ ನೆಲ ಮುಟ್ಟೋ ಜಾಗದಿಂದ ಬಂಪರಿನ ಕೆಳಗಿನ ಅಂಚಿಗೆ ಒಂದು ದಾರ ಎಳೆದು ಹಿಡಿದು, ಮೊಬೈಲಿನ ಕೋನ ಅಳೆಯೋ ಆ್ಯಪ್ ಅದರ ಪಕ್ಕ ಇಡಿ. ಇದು ಪಕ್ಕಾ ಕಂಪನಿ ಅಳತೆ ಅಲ್ಲ ಆದ್ರೆ ಮುಂಚೆ ಆಮೇಲೆ ಹೋಲಿಸೋಕೆ ಸಾಕು. ಹೊಸ ಥಾರ್ 2020ರಲ್ಲಿ ಬಂದಾಗ ಕಂಪನಿ ಹೇಳಿದ್ದು 36.8 ಡಿಗ್ರಿ.

ಉದಾಹರಣೆಗೆ ಚಕ್ರದಿಂದ ಬಂಪರ್ ಅಂಚು 75 ಸೆಂಟಿಮೀಟರ್ ಹಿಂದೆ, ನೆಲದಿಂದ 55 ಎತ್ತರ ಇದ್ರೆ ಕೋನ 36 ಡಿಗ್ರಿ. ಹೊಸ ಬಂಪರ್ 8 ಸೆಂಟಿಮೀಟರ್ ಕೆಳಗೆ ಇಳಿದ್ರೆ 32ಕ್ಕೆ ಬಂತು. ಜೊತೆಗೆ 8 ಸೆಂಟಿಮೀಟರ್ ಹಿಂದಕ್ಕೂ ಚಾಚಿದ್ರೆ 30ಕ್ಕಿಂತ ಕೆಳಗೆ. ಅಂದ್ರೆ ದುಡ್ಡು ಕೊಟ್ಟು ಗಾಡಿನ ಕೆಟ್ಟದು ಮಾಡ್ಕೊಂಡ ಹಾಗೆ, ಹಳ್ಳ ಹತ್ತುವಾಗ ಮೊದಲು ನೆಲ ಕೆರೆಯೋದು ಹೊಸ ಬಂಪರೇ. ಕಂಪನಿ ಬಂಪರಿನ ಕೆಳ ಅಂಚಿಗಿಂತ ಕೆಳಗೆ ಇಳೀಬಾರದು, ಎರಡು ಮೂಲೆಗಳನ್ನ ಮೇಲಕ್ಕೆ ಓರೆಯಾಗಿ ಕತ್ತರಿಸಿ. ಬಂಡೆ ತಾಗೋದು ಹೆಚ್ಚಾಗಿ ಮೂಲೆಗೇ.

ಹಂತ 3: ರಟ್ಟಿನ ಮಾದರಿ

ಫ್ರಿಜ್ಜು ಬಂದ ರಟ್ಟಿನ ಡಬ್ಬ ಇದ್ರೆ ಅದೇ ಸಾಕು. ಬಂಪರನ್ನ ಪೂರ್ತಿ ರಟ್ಟಲ್ಲಿ ಕತ್ತರಿಸಿ, ಟೇಪ್ ಹಾಕಿ ಗಾಡಿಗೆ ಅಂಟಿಸಿ ನೋಡಿ. ಹಿಂದಿನ ಬಾಗಿಲು ಸ್ಟೆಪ್ನಿ ಸಮೇತ ಪೂರ್ತಿ ತೆಗೆಯೋಕೆ ಆಗ್ತಿದೆಯಾ, ಸೈಲೆನ್ಸರ್ ಪೈಪಿನ ಬಾಯಿ ಮುಚ್ಚಿಹೋಯ್ತಾ, ನಂಬರ್ ಪ್ಲೇಟು ಕಾಣುತ್ತಾ, ಲೈಟುಗಳು ಕಾಣುತ್ತಾ. ಬಾಡಿ ಮತ್ತೆ ಬಂಪರ್ ಮಧ್ಯೆ 20 ಎಂಎಂ ಗ್ಯಾಪ್ ಬಿಡಿ, ಯಾಕಂದ್ರೆ ಬಾಡಿ ಕೂತಿರೋದು ರಬ್ಬರ್ ಬುಷ್ ಮೇಲೆ, ಬಂಪರ್ ಕೂತಿರೋದು ಚಾಸಿ ಮೇಲೆ, ಗುಂಡಿಯಲ್ಲಿ ಗಾಡಿ ತಿರುಚಿಕೊಂಡಾಗ ಎರಡೂ ಬೇರೆ ಬೇರೆ ಅಲ್ಲಾಡುತ್ತೆ. ಟೈಟಾಗಿ ಕೂರಿಸಿದ್ರೆ ನೋಡೋಕೆ ಚೆಂದ, ಮೊದಲ ಟ್ರಿಪ್ಪಲ್ಲೇ ಬಾಡಿ ಪೇಂಟ್ ಹೋಗುತ್ತೆ.

ನಂಬರ್ ಪ್ಲೇಟ್ ಬಂಪರಲ್ಲೇ ಇರೋ ಗಾಡಿ ಆದ್ರೆ ಹುಷಾರು, ಎಚ್‌ಎಸ್‌ಆರ್‌ಪಿ ಪ್ಲೇಟಿನ ಸ್ನ್ಯಾಪ್ ಲಾಕ್ ಒಂದು ಸಲ ಮುರಿದ್ರೆ ಮುಗೀತು. ಪ್ಲೇಟು ಕೂತಿರೋ ತಗಡಿನ ಸಮೇತ ಸಾಗಿಸೋ ಹಾಗೆ ಪ್ಲಾನ್ ಮಾಡಿ.

ಹಂತ 4: ಎರಡು ಪ್ಲೇಟು, ಇದೇ ನಿಜವಾದ ಬಂಪರ್

ಸಾಮಾನ್ಯವಾಗಿ ಏನ್ಮಾಡ್ತಾರೆ ಅಂದ್ರೆ ಬಂಪರ್ ಮುಖಕ್ಕೆ ಒಂದು ದಪ್ಪ ಕೊಂಡಿ ವೆಲ್ಡ್ ಮಾಡಿಬಿಡ್ತಾರೆ, ಡಿ-ಶ್ಯಾಕಲ್ (ಅಡ್ಡ ಪಿನ್ ಇರೋ ಡಿ ಆಕಾರದ ಕೊಂಡಿ, ಎಳೆಯೋ ಸ್ಟ್ರ್ಯಾಪ್ ಸಿಕ್ಕಿಸೋದು ಇದಕ್ಕೇ) ಹಾಕಿ ಕೆಂಪು ಪೇಂಟ್ ಹೊಡೀತಾರೆ, ಫೋಟೋಗೆ ಸೂಪರ್. ಎಳೆದಾಗ ಆ ಕೊಂಡಿ 3 ಎಂಎಂ ಪ್ಲೇಟನ್ನ ಕಿತ್ಕೊಂಡು ಬರುತ್ತೆ. ಅದರ ಬದಲು ಹೀಗೆ ಮಾಡಿ: ಬ್ರ್ಯಾಕೆಟ್ಟಾಗಿ ಎಡಕ್ಕೊಂದು ಬಲಕ್ಕೊಂದು 12 ಎಂಎಂ ಪ್ಲೇಟು, ಪ್ರತಿಯೊಂದೂ ಒಂದೇ ತುಂಡು, 100 ಎಂಎಂ ಅಗಲ. ಅದರ ಒಂದು ತುದಿ ಚಾಸಿಯ ಪಕ್ಕಕ್ಕೆ ಒರಗಿ ಮೂರು ಬೋಲ್ಟಲ್ಲಿ ಕೂರುತ್ತೆ, ಇನ್ನೊಂದು ತುದಿ ಬಂಪರಿನಲ್ಲಿ ಕತ್ತರಿಸಿದ ಸೀಳಿನಿಂದ ಆಚೆ ಬಂದು ಅದರಲ್ಲೇ ಶ್ಯಾಕಲ್ ತೂತು. ಬಂಪರ್ ಮುಖವನ್ನ ಈ ಪ್ಲೇಟಿನ ಸುತ್ತ ಎರಡೂ ಕಡೆಯಿಂದ ವೆಲ್ಡ್ ಮಾಡೋದು. ಈಗ ಎಳೆದ್ರೆ ಬಲ ಶ್ಯಾಕಲ್‌ನಿಂದ ಪ್ಲೇಟಿಗೆ, ಪ್ಲೇಟಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಚಾಸಿಗೆ ನೇರ ಹೋಗುತ್ತೆ, ಮಧ್ಯೆ ಯಾವ ವೆಲ್ಡಿಂಗೂ ಬರಲ್ಲ. ವೆಲ್ಡರ್ ಸುಮಾರಾಗಿದ್ರೂ ನಿಮ್ಮ ಜೀವ ಅವನ ಕೈಯಲ್ಲಿಲ್ಲ.

ಶ್ಯಾಕಲ್ ಮುಕ್ಕಾಲು ಇಂಚಿಂದು ತಗೊಳಿ, ಮೈಮೇಲೆ 4.75 ಟನ್ ಅಂತ ಅಚ್ಚಾಗಿರಬೇಕು. ಅಚ್ಚಿಲ್ಲದ ಥಳಥಳ ಶ್ಯಾಕಲ್ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ರೇಟಿಗೆ ಸಿಗುತ್ತೆ, ಅದು ಹಸು ಕಟ್ಟೋಕೆ. ಈ ಶ್ಯಾಕಲ್ಲಿನ ಪಿನ್ 22 ಎಂಎಂ, ಹಾಗಾಗಿ ತೂತು 24. ತೂತನ್ನ ಗ್ಯಾಸ್ ಕಟ್ಟರಲ್ಲಿ ಊದಿಸ್ಬೇಡಿ, ಲೇತ್ ಅಂಗಡಿಯಲ್ಲಿ ಡ್ರಿಲ್ ಮಾಡ್ಸಿ, ಇಲ್ಲಾ ಲೇಸರ್ ಕಟಿಂಗ್. ತೂತಿನ ಅಂಚಿನಿಂದ ಪ್ಲೇಟಿನ ಅಂಚಿಗೆ ಕಮ್ಮಿ ಅಂದ್ರೂ 25 ಎಂಎಂ ಕಬ್ಬಿಣ ಉಳೀಬೇಕು. ಶ್ಯಾಕಲ್ಲಿನ ಬಾಯಿ 32 ಎಂಎಂ ಹತ್ರ ಇರುತ್ತೆ, ಅದರಲ್ಲಿ 12 ಎಂಎಂ ಪ್ಲೇಟು ಲೊಡಲೊಡ ಅನ್ನುತ್ತೆ, ಅದಕ್ಕೆ ತೂತಿನ ಎರಡೂ ಬದಿಗೆ 6 ಎಂಎಂ ಪ್ಲೇಟಿನ ಬಳೆ ವೆಲ್ಡ್ ಮಾಡ್ಸಿ 24ಕ್ಕೆ ತನ್ನಿ. ಅಂಚೆಲ್ಲ ಗ್ರೈಂಡ್ ಮಾಡಿ ದುಂಡಗೆ ಮಾಡಿ.

ಬೋಲ್ಟು: ತಲೆ ಮೇಲೆ 8.8 ಅಂತ ಬರೆದಿರೋದೇ ಬೇಕು. 12 ಎಂಎಂ ಬೋಲ್ಟ್ 8.8 ಗ್ರೇಡಿಂದು ಒಂದೊಂದೂ ಅಡ್ಡ ಕತ್ತರಿಸೋ ಬಲಕ್ಕೆ ಸುಮಾರು 4 ಟನ್ ತಡೆಯುತ್ತೆ, ಗುರುತಿಲ್ಲದ ಮಾಮೂಲಿ ಬೋಲ್ಟು ಅದರ ಅರ್ಧ. ಬೆಲೆ ವ್ಯತ್ಯಾಸ ಒಂದು ಬೋಲ್ಟಿಗೆ ಒಂದು ಕಾಫಿ ದುಡ್ಡು, ಇಲ್ಲಿ ಜುಗ್ಗತನ ಮಾಡೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ಸಡಿಲ ಆಗದ ನಟ್ಟು), ದಪ್ಪ ವಾಷರ್. ಚಾಸಿಯ ತಗಡು ತೆಳು, ಹಾಗಾಗಿ ಒಳಬದಿಗೆ 6 ಎಂಎಂ ಪಟ್ಟಿ ಕೊಡಿ, ಬಲ ಹಂಚಿಹೋಗುತ್ತೆ.

ಚಾಸಿ ಮುಚ್ಚಿದ ಡಬ್ಬ ಆಗಿದ್ರೆ ನಟ್ ಹಿಡಿಯೋಕೆ ಕೈ ಹೋಗಲ್ಲ. ಆ 6 ಎಂಎಂ ಪಟ್ಟಿಗೇ ಮೂರು ನಟ್ ವೆಲ್ಡ್ ಮಾಡಿ, ಪಟ್ಟಿಯ ತುದಿಗೆ ಕಟ್ಟು ತಂತಿ ಕಟ್ಟಿ, ಚಾಸಿಯ ತೆರೆದ ತುದಿಯಿಂದ ಒಳಗೆ ತಳ್ಳಿ ತೂತಿಗೆ ಹೊಂದಿಸಿ. ತಾಳ್ಮೆ ಬೇಕು. ಆದ್ರೆ ಡಬ್ಬದ ಆರುಪಾರು ಉದ್ದ ಬೋಲ್ಟ್ ಹಾಕಿ ಬಿಗಿದ್ರೆ ಡಬ್ಬನೇ ಅಪ್ಪಚ್ಚಿ ಆಗುತ್ತೆ, ಹಾಗೆ ಹಾಕಲೇಬೇಕು ಅಂದ್ರೆ ಒಳಗೆ ಪೈಪಿನ ತುಂಡು ಕೊಟ್ಟು ಅದರ ಮೂಲಕ ಹಾಕಿ.

ಹಂತ 5: ಸಾಮಾನು ಎಲ್ಲಿ, ಎಷ್ಟು

ಬೆಂಗಳೂರಲ್ಲಿದ್ರೆ ಲೇಸರ್ ಕಟಿಂಗ್, ಬೆಂಡಿಂಗ್‌ಗೆ ಪೀಣ್ಯ, ಬೋಲ್ಟು ಹಾರ್ಡ್‌ವೇರಿಗೆ ಎಸ್‌ಪಿ ರೋಡ್, ಹಳೇ ಬಂಪರು ಬ್ರ್ಯಾಕೆಟ್ಟು ಬೇಕಾದ್ರೆ ಶಿವಾಜಿನಗರದ ಗುಜರಿ. ಗುಜರಿ ಕಬ್ಬಿಣ ಮುಖಕ್ಕೆ ಪರವಾಗಿಲ್ಲ, ಬ್ರ್ಯಾಕೆಟ್ಟಿಗೆ ಮಾತ್ರ ಹೊಸ ಪ್ಲೇಟೇ ತಗೊಳಿ, ಹಳೇದರಲ್ಲಿ ಒಳಗೆ ಏನು ಬಿರುಕಿದೆ ಅಂತ ಕಣ್ಣಿಗೆ ಕಾಣಲ್ಲ. ಊರ ಕಡೆ ಆದ್ರೆ ಟ್ರ್ಯಾಕ್ಟರ್ ಟ್ರೇಲರ್ ಮಾಡೋ ವೆಲ್ಡಿಂಗ್ ಶಾಪ್ ಹುಡುಕಿ, ಗೇಟು ಗ್ರಿಲ್ ಮಾಡೋರಿಗಿಂತ ಅವರ ಕೈ ದಪ್ಪ ಕಬ್ಬಿಣಕ್ಕೆ ಪಳಗಿರುತ್ತೆ.

ಖರ್ಚು ಊರಿಂದ ಊರಿಗೆ ಬೇರೆ, ಅಂದಾಜು ಅಂತ ತಗೊಳಿ. 25 ಕೆಜಿ ಕಬ್ಬಿಣ 2000 ರೂಪಾಯಿ ಒಳಗೆ, ಕಟಿಂಗ್ ಬೆಂಡಿಂಗ್ 1000, ವೆಲ್ಡರ್ ಕೂಲಿ ರಾಡು ಸೇರಿ 2000, ಎರಡು ಶ್ಯಾಕಲ್ 2000, ಬೋಲ್ಟು ನಟ್ಟು 400, ಪೇಂಟು 1000. ಎಂಟೂವರೆ ಸಾವಿರ ಆಸುಪಾಸು. ರೆಡಿಮೇಡ್ ಬಂಪರುಗಳ ರೇಟು ಇದರ ಎರಡು ಮೂರು ಪಟ್ಟು, ಅದರಲ್ಲೂ ಎಷ್ಟೋದಕ್ಕೆ ಬ್ರ್ಯಾಕೆಟ್ಟು 5 ಎಂಎಂ.

ಹಂತ 6: ವೆಲ್ಡಿಂಗ್

ಮೊದಲು ಎರಡು ಬ್ರ್ಯಾಕೆಟ್ಟನ್ನ ಗಾಡಿಗೆ ಬೋಲ್ಟ್ ಹಾಕಿ ಕೂರಿಸಿ. ಬಂಪರ್ ಮುಖವನ್ನ ಅದರ ಮೇಲೆ ತೂರಿಸಿ ರಸಮಟ್ಟ ಇಟ್ಟು, ಟೇಪು ಹಿಡಿದು ಎರಡೂ ಕಡೆ ನೆಲದಿಂದ ಅಳೆದು, ಟೈರಿಂದಲೂ ಅಳೆದು ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಹಾಕಿ. ಗಾಡಿ ಮೇಲೆ ಟ್ಯಾಕ್ ಮಾತ್ರ. ಅದಕ್ಕೂ ಮುಂಚೆ ಬ್ಯಾಟರಿ ಮೈನಸ್ ಬಿಚ್ಚಿ, ಎಂಪಿಎಫ್‌ಐ (ಪೆಟ್ರೋಲ್) ಅಥವಾ ಸಿಆರ್‌ಡಿಇ (ಡೀಸೆಲ್) ಥರ ಇಂಜಿನ್ ನಡೆಸೋಕೆ ಕಂಪ್ಯೂಟರ್ ಇರೋ ಗಾಡಿ ಆದ್ರೆ ಆ ಕಂಪ್ಯೂಟರಿನ, ಅಂದ್ರೆ ಇಸಿಯು ಪ್ಲಗ್ಗೂ ತೆಗೀರಿ, ಅರ್ತ್ ಕ್ಲಾಂಪ್ ವೆಲ್ಡ್ ಮಾಡೋ ತುಂಡಿಗೇ ಹಾಕಿ, ಟ್ಯಾಂಕಿನ ಕಡೆಗೆ ಒದ್ದೆ ಗೋಣಿಚೀಲ ಮುಚ್ಚಿ, ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇಟ್ಟು ಒಬ್ಬರು ನಿಂತಿರಲಿ. ಪೆಟ್ರೋಲ್ ವಾಸನೆ ಬರ್ತಿದ್ರೆ ಅವತ್ತು ಕೆಲಸ ಬೇಡ.

ಟ್ಯಾಕ್ ಆದ್ಮೇಲೆ ಬಿಚ್ಚಿ ದೂರ ತಗೊಂಡೋಗಿ ಪೂರ್ತಿ ವೆಲ್ಡ್. ಬ್ರ್ಯಾಕೆಟ್ಟುಗಳನ್ನ ನೇರ ಇರೋ ಒಂದು ಚಾನಲ್‌ಗೆ ಬೋಲ್ಟ್ ಹಾಕಿಟ್ಟು ವೆಲ್ಡ್ ಮಾಡಿದ್ರೆ ಬಿಸಿಗೆ ತಿರುಚಿಕೊಳ್ಳಲ್ಲ, ಇಲ್ಲಾಂದ್ರೆ ತಣ್ಣಗಾದ್ಮೇಲೆ ತೂತು ತೂತಿಗೆ ಕೂರಲ್ಲ, ಆಗ ಅಂಗಡಿಯವರು "ತೂತು ದೊಡ್ಡದು ಮಾಡಿಬಿಡೋಣ ಬಿಡಿ ಸಾರ್" ಅಂತಾರೆ, ಒಪ್ಪಬೇಡಿ. 50 ಎಂಎಂ ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಹೀಗೆ ಬಿಟ್ಟು ಬಿಟ್ಟು. 3 ಎಂಎಂ ಪ್ಲೇಟಿಗೆ 12 ನಂಬರ್ ರಾಡು, 12 ಎಂಎಂ ಕಡೆಗೆ 10 ನಂಬರ್, ಸಾಧ್ಯ ಆದ್ರೆ ಅಲ್ಲಿ 7018 ಅನ್ನೋ ಲೋ-ಹೈಡ್ರೋಜನ್ ರಾಡು ಕೇಳಿ. 7018 ತೇವ ಹಿಡಿದ್ರೆ ಕೆಲಸಕ್ಕೆ ಬರಲ್ಲ, ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ ಬೇಡ. ಸಿಒ2 ವೆಲ್ಡಿಂಗ್ ಇದ್ರೆ ಇನ್ನೂ ಒಳ್ಳೇದು.

ಬಂಪರ್ ತುದಿಗಳನ್ನ ಮುಚ್ಚೋದಾದ್ರೆ ತಳದಲ್ಲಿ 10 ಎಂಎಂ ನೀರು ಹೋಗೋ ತೂತು ಮರೀಬೇಡಿ, ಎರಡೂ ತುದಿಗೆ, ಮಧ್ಯಕ್ಕೊಂದು. ಫಾರ್ಮ್ ಜಾಕ್ (ಉದ್ದ ಕಂಬದ ಜಾಕ್) ಇಟ್ಟಿರೋರು ಅದರ ಮೂತಿ ಕೂರೋಕೆ ಬ್ರ್ಯಾಕೆಟ್ ಹತ್ರಾನೇ ಒಂದು ಸೀಳು ಬಿಡಿಸ್ಕೊಳಿ, ಬಂಪರಿನ ತುದಿಯಲ್ಲಿ ಎತ್ತಿದ್ರೆ ಪ್ಲೇಟು ಬಗ್ಗುತ್ತೆ.

ಹಂತ 7: ಪೇಂಟು, ಲೈಟು

ವೆಲ್ಡಿಂಗ್ ಕಿಟ್ಟ ಎಲ್ಲ ಕೆತ್ತಿ, ಫ್ಲಾಪ್ ಡಿಸ್ಕಲ್ಲಿ ಉಜ್ಜಿ, ತಿನ್ನರ್ ಬಟ್ಟೆಯಲ್ಲಿ ಒರೆಸಿ, ಅದೇ ದಿನ ಪ್ರೈಮರ್. ನಾಳೆ ಅಂದ್ರೆ ಮಲೆನಾಡಲ್ಲಿ ಬೆಳಗ್ಗೆ ಹೊತ್ತಿಗೆ ಕೆಂಪು ಬಂದಿರುತ್ತೆ. ರೆಡ್ ಆಕ್ಸೈಡ್ ಅಗ್ಗ, ಎಪಾಕ್ಸಿ ಪ್ರೈಮರ್ ತುಂಬ ಬಾಳಿಕೆ. ಪೌಡರ್ ಕೋಟಿಂಗ್ ನಂಗೆ ಇಷ್ಟ ಇಲ್ಲ, ಕಲ್ಲು ತಾಗಿ ಒಂದು ಕಡೆ ಎದ್ರೆ ಅದರ ಅಡಿಯಲ್ಲೇ ತುಕ್ಕು ಓಡುತ್ತೆ, ಮೇಲಿಂದ ಗೊತ್ತೇ ಆಗಲ್ಲ. ಮ್ಯಾಟ್ ಕಪ್ಪು ಬ್ರಷ್ಷಲ್ಲಿ ಹೊಡೆದ್ರೂ ಸಾಕು, ಕೆರೆದಾಗ ಮತ್ತೆ ಬಳೀಬಹುದು. ಬ್ರ್ಯಾಕೆಟ್ ಚಾಸಿಗೆ ಒರಗೋ ಮುಖಕ್ಕೆ ಪ್ರೈಮರ್ ಮಾತ್ರ, ಅಲ್ಲಿ ದಪ್ಪ ಪೇಂಟ್ ಇದ್ರೆ ದಿನ ಕಳೆದ ಹಾಗೆ ಅದು ಒತ್ತಿಕೊಂಡು ಬೋಲ್ಟ್ ಸಡಿಲ ಆಗುತ್ತೆ.

ನಂಬರ್ ಪ್ಲೇಟಿನ ಲೈಟು, ಕೆಂಪು ರಿಫ್ಲೆಕ್ಟರ್ ಎರಡೂ ಕಡೆ ವಾಪಸ್ ಹಾಕಿ. ಹೆಚ್ಚಿನ ರಿವರ್ಸ್ ಲೈಟ್ ಹಾಕೋದಾದ್ರೆ ರಿವರ್ಸ್ ಗೇರ್ ಹಾಕಿದಾಗ ಮಾತ್ರ ಉರಿಯೋ ಹಾಗೆ ರಿಲೇ, ಫ್ಯೂಸ್ ಹಾಕಿ, ಹಿಂದೆ ಬರೋರ ಕಣ್ಣಿಗೆ ಬಿಳಿ ಲೈಟ್ ಹೊಡೆಯೋ ಗಾಡಿಗಳು ಈಗಾಗ್ಲೇ ಬೇಕಾದಷ್ಟಿವೆ.

ಹಂತ 8: ಬಿಗಿಯೋದು, ಮೊದಲ ಎಳೆತ

ಎಲ್ಲ ಬೋಲ್ಟು ಕೈಯಲ್ಲಿ ಹಾಕಿ, ಬಂಪರ್ ನೇರ ಮಾಡಿ, ಆಮೇಲೆ ಬಿಗಿ. 12 ಎಂಎಂ 8.8 ಬೋಲ್ಟಿಗೆ 80 ನ್ಯೂಟನ್ ಮೀಟರ್, 10 ಎಂಎಂಗೆ 45 ಆಸುಪಾಸು. ಟಾರ್ಕ್ ರೆಂಚ್ ಇಲ್ಲ ಅಂದ್ರೆ ಗೊತ್ತಿರೋ ಗ್ಯಾರೇಜಲ್ಲಿ ಐದು ನಿಮಿಷ ಇಸ್ಕೊಳಿ. ಬೋಲ್ಟ್ ತಲೆಯಿಂದ ಪ್ಲೇಟಿನ ಮೇಲೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೀರಿ, ಸಡಿಲ ಆದ್ರೆ ಗೆರೆ ತಪ್ಪಿರೋದು ಒಂದು ನೋಟಕ್ಕೆ ಕಾಣುತ್ತೆ.

ಮೊದಲು ಗಟ್ಟಿ ನೆಲದಲ್ಲಿ ಇನ್ನೊಂದು ಗಾಡಿ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿ, ಸ್ಟ್ರ್ಯಾಪ್ ಕಟ್ಟಿ ಲೋ ಗೇರಲ್ಲಿ ಮೆಲ್ಲಗೆ ಎಳೆದು ನೋಡಿ, ಜರ್ಕ್ ಬೇಡ. ಶ್ಯಾಕಲ್ ಪಿನ್ ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ಬಿಡಿ, ಇಲ್ಲಾಂದ್ರೆ ಎಳೆದಾದ್ಮೇಲೆ ಕಚ್ಕೊಂಡು ಬಿಚ್ಚೋಕೇ ಬರಲ್ಲ. ಸ್ಟ್ರ್ಯಾಪ್ ಮಧ್ಯೆ ಒದ್ದೆ ಗೋಣಿ ಅಥವಾ ಹಳೇ ಕಂಬಳಿ ಹಾಕಿ, ನೋಡೋಕೆ ನಿಂತಿರೋರನ್ನ ಸ್ಟ್ರ್ಯಾಪಿನ ಉದ್ದದ ಒಂದೂವರೆ ಪಟ್ಟು ದೂರ ಕಳಿಸಿ. ಟೋ ಬಾಲ್ (ಟ್ರೇಲರ್ ಸಿಕ್ಕಿಸೋ ಕಬ್ಬಿಣದ ಗುಂಡು) ಇದ್ರೆ ಅದಕ್ಕೆ ಮಾತ್ರ ಯಾವತ್ತೂ ಸ್ಟ್ರ್ಯಾಪ್ ಹಾಕ್ಬೇಡಿ, ಮುರಿದ್ರೆ ಆ ಗುಂಡು ಗಾಜು ಒಡ್ಕೊಂಡು ಒಳಗೆ ಬರುತ್ತೆ, ಆಸ್ಟ್ರೇಲಿಯಾದಲ್ಲಿ ಹೀಗೆ ಜನ ಸತ್ತಿದಾರೆ.

ಎಳೆದಾದ್ಮೇಲೆ ಕೆಳಗೆ ಮಲಗಿ ಬಿಳಿ ಗೆರೆ ನೋಡಿ, ಬ್ರ್ಯಾಕೆಟ್ ಸುತ್ತ ಚಾಸಿಯ ಪೇಂಟ್ ಬಿರುಕು ಬಿಟ್ಟಿದೆಯಾ ನೋಡಿ, ಬಿಟ್ಟಿದ್ರೆ ಅಲ್ಲಿ ಕಬ್ಬಿಣ ಅಲ್ಲಾಡಿದೆ ಅಂತ ಅರ್ಥ, ಒಳಪಟ್ಟಿ ಇನ್ನೂ ಉದ್ದ ಬೇಕು. ನೂರು ಕಿಲೋಮೀಟರ್ ಓಡಿದ್ಮೇಲೆ ಇನ್ನೊಂದು ಸಲ ಟಾರ್ಕ್ ಚೆಕ್ ಮಾಡಿ, ಆಮೇಲೆ ಪ್ರತಿ ಮಳೆಗಾಲ ಮುಗಿದ ಮೇಲೆ ನೀರು ಹೋಗೋ ತೂತಿಗೆ ತಂತಿ ಚುಚ್ಚಿ ಕೆಸರು ತೆಗೆದು, ಪೈಪ್ ಹಿಡಿದು ಒಳಗೆ ತೊಳೆದು, ಒಣಗಿದ್ಮೇಲೆ ಕ್ಯಾವಿಟಿ ವ್ಯಾಕ್ಸ್ (ಒಳಗೆ ತುಕ್ಕು ಹಿಡೀದ ಹಾಗೆ ಹೊಡೆಯೋ ಮೇಣದ ಸ್ಪ್ರೇ) ಹೊಡೀರಿ.